ತಂಪು ಮಾರುತ್ತಾರೆ, ಉಸಿರು ಅಂತ ಹೇಳುತ್ತಾರೆ

ಹಟ್ಟಿ ಸಂತೆಯಲ್ಲಿ ಕಾಯಿಪಲ್ಲೆ ಸಾಲು ಮುಗಿಯುವ ಕಡೆ ಒಂದು ಓಮ್ನಿ ಗಾಡಿ ನಿಂತಿತ್ತು. ಗಾಡಿಯ ಮೇಲೆ ಮೈಕು, ಮುಂದೆ ಮಡಚುವ ಟೇಬಲ್ಲು, ಅದರ ಮೇಲೆ ಬೆರಳುದ್ದದ ಬಾಟಲಿಗಳು. "ಗಣಿ ಧೂಳ ಎದಿಯಾಗ ಕುಂತೈತೇನ್ರಿ? ದಮ್ಮು ಹತ್ತತೈತೇನು? ನಾಕು ಹನಿ, ಬರೇ ನಾಕು ಹನಿ. ಇಪ್ಪತ್ತೊಂದು ದಿವಸದಾಗ ಪುಪ್ಪುಸ ಕನ್ನಡಿ ಆಗತೈತಿ!" ಅಂತ ಒಬ್ಬ ಹುಡುಗ ಕೂಗುತ್ತಿದ್ದ. ಪುದೀನ, ತುಳಸಿ, ಇನ್ನೂ ಐದು ಗಿಡಗಳ ಎಣ್ಣೆಯಂತೆ. ಗಿಡದ್ದು, ಆದ್ದರಿಂದ ಸೈಡ್ ಎಫೆಕ್ಟ್ ಇಲ್ಲವಂತೆ.

ಗಣಿಯಲ್ಲಿ ಗುತ್ತಿಗೆ ಮೇಲೆ ದುಡಿದು ಬಿಟ್ಟ ಕಾಕಾ ಒಬ್ಬರು ಮುಂದೆ ಬಂದರು. ಹುಡುಗ ಅವರ ಕರವಸ್ತ್ರಕ್ಕೆ ಎರಡು ಹನಿ ಹಾಕಿ ಮೂಗಿಗೆ ಹಿಡಿಸಿದ. ಕಾಕಾ ಜೋರಾಗಿ ಉಸಿರು ಎಳೆದರು, ಕಣ್ಣಲ್ಲಿ ನೀರು ಬಂತು. "ಹೌದಲೇ ತಮ್ಮಾ, ಹಗುರ ಆತು" ಅಂದರು. ಅಂಗಿ ಕಿಸೆಯಿಂದ 350 ರೂಪಾಯಿ ಎಣಿಸಿ ಕೊಟ್ಟರು. ಸುತ್ತ ನಿಂತವರಲ್ಲಿ ಇನ್ನೂ ಐದಾರು ಮಂದಿ ಕಿಸೆಗೆ ಕೈ ಹಾಕಿದರು.

ನಾವು ಅಲ್ಲಿಯೇ ನಿಂತು ನೋಡಿದೆವು. ಆ ಹೊತ್ತಿಗೆ ಏನೂ ಮಾತಾಡಲಿಲ್ಲ. ಈಗ ಮಾತಾಡುತ್ತಿದ್ದೇವೆ.

ಕಾಕಾ ಸುಳ್ಳು ಹೇಳಲಿಲ್ಲ. ಅವರಿಗೆ ಹಗುರ ಅನಿಸಿದ್ದು ಖರೆ. ಮೋಸ ಇರುವುದು ಆ 'ಅನಿಸಿದ್ದ'ರ ಒಳಗೆ. ಪುದೀನ ಎಣ್ಣೆಯಲ್ಲಿ ಮೆಂಥಾಲ್ ಎಂಬ ವಸ್ತು ಇದೆ. ನಮ್ಮ ಚರ್ಮದಲ್ಲಿ, ಮೂಗಿನ ಒಳಪದರದಲ್ಲಿ ತಂಪನ್ನು ಗುರುತಿಸುವ ನರಗಳಿವೆ. ಆ ನರಗಳ ಮೇಲಿರುವ ಒಂದು ಬಾಗಿಲನ್ನು ಮೆಂಥಾಲ್ ತಟ್ಟುತ್ತದೆ. ಗಾಳಿ ತಣ್ಣಗಿಲ್ಲದಿದ್ದರೂ ಮೆದುಳಿಗೆ 'ತಣ್ಣನೆ ಗಾಳಿ ಬಂತು' ಎಂಬ ಸುದ್ದಿ ಹೋಗುತ್ತದೆ. ಆ ಬಾಗಿಲನ್ನು 2002ರಲ್ಲಿ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಪತ್ತೆ ಮಾಡಿದರು: ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್. ಬಿಸಿ, ತಂಪು, ಸ್ಪರ್ಶ ನಮಗೆ ಹೇಗೆ ತಿಳಿಯುತ್ತದೆ ಎಂಬ ಕೆಲಸಕ್ಕೆ 2021ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು. ಅದಕ್ಕೂ ಮೊದಲೇ, 1980ರ ದಶಕದಲ್ಲಿ, ವೇಲ್ಸ್ ದೇಶದ ಕಾರ್ಡಿಫ್‌ನಲ್ಲಿ ರೊನಾಲ್ಡ್ ಎಕ್ಲಿಸ್ ಎಂಬುವರು ಮೆಂಥಾಲ್ ಮೂಸಿದವರ ಮೂಗಿನಲ್ಲಿ ಗಾಳಿ ಎಷ್ಟು ಓಡಾಡುತ್ತದೆ ಎಂದು ಯಂತ್ರ ಇಟ್ಟು ಅಳೆದರು. ಮೂಗು ತೆರೆಯಿತು ಎಂದು ಮಂದಿ ಹೇಳಿದರು. ಯಂತ್ರದ ಲೆಕ್ಕದಲ್ಲಿ ಗಾಳಿ ಮೊದಲು ಎಷ್ಟು ಹೋಗುತ್ತಿತ್ತೋ ಅಷ್ಟೇ ಹೋಗುತ್ತಿತ್ತು.

ನೆಗಡಿ ಬಂದವನಿಗೆ ಇದು ತೊಂದರೆಯಲ್ಲ. ಎರಡು ತಾಸು ಆರಾಮ ಅನಿಸಿದರೆ ಅದೂ ಲಾಭವೇ. ನೆಗಡಿ ನಾಲ್ಕು ದಿನಕ್ಕೆ ತಾನೇ ಹೋಗುತ್ತದೆ.

ಗಣಿ ಊರಿನ ದಮ್ಮು ಹಾಗಲ್ಲ. ಹಟ್ಟಿಯ ಚಿನ್ನ ಬಿಳಿಕಲ್ಲಿನ ಪಟ್ಟಿಯೊಳಗೆ ಕೂತಿದೆ. ಆ ಕಲ್ಲನ್ನು ಕೊರೆಯುವಾಗ, ಒಡೆಯುವಾಗ, ಪುಡಿ ಮಾಡುವಾಗ ಏಳುವ ಸಣ್ಣ ಧೂಳು ಕಣ್ಣಿಗೆ ಕಾಣುವುದಿಲ್ಲ. ಅದು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಗುರುತು ಬಿಡುತ್ತದೆ, ಗುರುತು ಗಟ್ಟಿಯಾಗುತ್ತದೆ, ಗಟ್ಟಿಯಾದ ಭಾಗ ಉಸಿರಿಗೆ ಹಿಗ್ಗುವುದಿಲ್ಲ. ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲೇ ಇದು ದಾಖಲಾಗಿತ್ತು. 2001ರಲ್ಲಿ ಆ ಗಣಿ ಮುಚ್ಚಿತು, ಎದೆಯೊಳಗೆ ಧೂಳು ಹೊತ್ತವರು ಹಾಗೇ ಉಳಿದರು. ಆದ ಗಾಯವನ್ನು ಅಳಿಸುವ ಔಷಧ ಜಗತ್ತಿನ ಯಾವ ದೊಡ್ಡ ಆಸ್ಪತ್ರೆಯಲ್ಲೂ ಇಲ್ಲ. ಅಂಥದ್ದನ್ನು ಸಂತೆಯ ಬಾಟಲಿ ಇಪ್ಪತ್ತೊಂದು ದಿನದಲ್ಲಿ ಕನ್ನಡಿ ಮಾಡುತ್ತದೆ ಅನ್ನುವುದು ವ್ಯಾಪಾರವಲ್ಲ, ಕಳ್ಳತನ.

ಕದ್ದದ್ದು 350 ರೂಪಾಯಿ ಅಷ್ಟೇ ಆಗಿದ್ದರೆ ನಾವು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕದ್ದದ್ದು ಟೈಮು. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಹಿಡಿಯುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಟಿ.ಬಿ.ಗೆ ಮಾತ್ರ ಔಷಧ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ ಇದೆ, ಚಿಕಿತ್ಸೆ ನಡೆಯುವಷ್ಟು ದಿನ ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಹಾಕುವ ನಿಕ್ಷಯ್ ಪೋಷಣ್ ಯೋಜನೆಯೂ ಇದೆ (2024ರ ನವೆಂಬರ್‌ವರೆಗೆ ಅದು 500 ಇತ್ತು). ಕೆಮ್ಮು ಎರಡು ವಾರ ದಾಟಿದರೆ ಕಫ ಕೊಡಬೇಕು. ಆದರೆ ದಿನಾ ಬೆಳಿಗ್ಗೆ ಮೂಗಿಗೆ ಎರಡು ಹನಿ ಬಿದ್ದು 'ಹಗುರ ಆತು' ಅನಿಸುತ್ತಿದ್ದರೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಒಂದು ತಿಂಗಳು ಹೋಯಿತು, ಎರಡು ತಿಂಗಳು ಹೋಯಿತು. ಅಷ್ಟರಲ್ಲಿ ಮನೆಯ ಮೊಮ್ಮಗು ಕೆಮ್ಮಲು ಶುರು ಮಾಡಿರುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಗಣಿ ಕೆಲಸದಿಂದ ಬಂದ ಸಿಲಿಕೋಸಿಸ್ 1952ರ ಗಣಿ ಕಾಯ್ದೆಯ ಕಾಲದಿಂದಲೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ. ಕಾರ್ಮಿಕರಿಗೆ ಪರಿಹಾರ ಕೊಡಬೇಕಾದ ರೋಗಗಳ ಪಟ್ಟಿಯಲ್ಲೂ ಅದು ಸೇರಿದೆ. ಪರಿಹಾರ ಕೇಳಬೇಕಾದರೆ ಎಕ್ಸ್‌ರೇ ಬೇಕು, ಡಾಕ್ಟರ ಬರಹ ಬೇಕು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಲ್ಲಿ ದುಡಿದೆವು ಎಂಬ ಕಾಗದ ಬೇಕು. ಬಾಟಲಿ ಕೊಂಡವನ ಕೈಯಲ್ಲಿ ಒಂದು ರಸೀದಿಯೂ ಇರುವುದಿಲ್ಲ.

ಇಷ್ಟು ಓದಿದ ಮೇಲೆ ಕೆಲವರು ನಮ್ಮ ಮೇಲೆ ಸಿಟ್ಟಾಗುತ್ತಾರೆ, ಗೊತ್ತು. 'ನೀವು ಇಂಗ್ಲಿಷ್ ಔಷಧದವರ ಕಡೆ ಮಾತಾಡೋರು. ನಮ್ಮ ಅಜ್ಜಿ ತುಳಸಿ ಕೊಟ್ಟೇ ನಮ್ಮನ್ನ ಬೆಳೆಸ್ಯಾಳ' ಅನ್ನುತ್ತಾರೆ. ನಮ್ಮನ್ನೂ ಅಜ್ಜಿಯರೇ ಬೆಳೆಸಿದ್ದು. ಅದಕ್ಕೇ ಹೇಳುತ್ತಿದ್ದೇವೆ: ಅಜ್ಜಿ ಕೊಟ್ಟದ್ದು ಎಲೆ. ಇವರು ಮಾರುವುದು ಎಣ್ಣೆ. ಇವೆರಡೂ ಒಂದೇ ಅನ್ನುವುದು ಕಬ್ಬು ತಿನ್ನುವುದೂ ಕಳ್ಳಬಟ್ಟಿ ಕುಡಿಯುವುದೂ ಒಂದೇ ಅಂದ ಹಾಗೆ.

ಲೆಕ್ಕ ನೋಡಿ. ನೂರು ಕಿಲೋ ಹಸಿ ಪುದೀನ ಸೊಪ್ಪನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಸಿಗುವ ಎಣ್ಣೆ ಸುಮಾರು ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. ಅಂದರೆ 10 ಎಂ.ಎಲ್. ಬಾಟಲಿಯಲ್ಲಿ ಕಡಿಮೆಯೆಂದರೂ ಒಂದು ಕಿಲೋಗಿಂತ ಹೆಚ್ಚಿನ ಸೊಪ್ಪಿನ ಸಾರ ಕೂತಿದೆ. ಎಣ್ಣೆ ಅಸಲಿ ಆಗಿದ್ದರೆ, ಅನ್ನಿ. ನೀವು ರೊಟ್ಟಿ ಜತೆ ಹಚ್ಚಿಕೊಳ್ಳುವ ಪುದೀನ ಚಟ್ನಿಗೆ ಬೀಳುವುದು ಒಂದು ಹಿಡಿ. ಅಜ್ಜಿ ಕಷಾಯಕ್ಕೆ ಹಾಕುತ್ತಿದ್ದದ್ದು ನಾಲ್ಕು ತುಳಸಿ ಎಲೆ. ನಮ್ಮ ಹಿರಿಯರು ಸಾವಿರ ವರ್ಷದಿಂದ ತಿಂದದ್ದಕ್ಕೆ ಪುರಾವೆ ಇರುವುದು ಆ ಹಿಡಿಗೆ, ಆ ನಾಲ್ಕು ಎಲೆಗೆ. ಬಾಟಲಿಗೆ ಅಲ್ಲ.

ಈ ಗಿಡಗಳೆಲ್ಲ ಒಂದೇ ಮನೆತನದವು ಎಂಬುದನ್ನು ಗುರುತಿಸುವುದು ಸುಲಭ. ಪುದೀನ ಅಥವಾ ತುಳಸಿಯ ಎಳೆ ದಂಟನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ. ಅದು ದುಂಡಗಿಲ್ಲ, ನಾಲ್ಕು ಮೂಲೆ ಬೆರಳಿಗೆ ಹತ್ತುತ್ತವೆ. ಎಲೆಗಳು ಎದುರುಬದುರು ಜೋಡಿ. ಎಲೆ ಮೇಲಿನ ಕಣ್ಣಿಗೆ ಕಾಣದ ಸಣ್ಣ ಚೀಲಗಳಲ್ಲಿ ಎಣ್ಣೆ ಇರುತ್ತದೆ, ಉಜ್ಜಿದರೆ ಒಡೆದು ವಾಸನೆ ಬರುತ್ತದೆ. ಕಾಮಕಸ್ತೂರಿ, ದೊಡ್ಡಪತ್ರೆ, ಹೂವಿನ ದಂಡೆಗೆ ಕಟ್ಟುವ ಮರುಗ, ಹೊಲದ ಬದುವಿನ ತುಂಬೆ, ಸುಗಂಧಕ್ಕೆ ಬೆಳೆಯುವ ಪಚ್ಚೆತೆನೆ ಎಲ್ಲವೂ ಇದೇ ಬಳಗ. ಹೊರಗಿನಿಂದ ಬಂದ ಲ್ಯಾವೆಂಡರ್, ರೋಸ್‌ಮೆರಿ ಸಹ. ದವನ ಈ ಬಳಗದ್ದಲ್ಲ, ಸೇವಂತಿಗೆ ಕಡೆಯದು. ನೀಲಗಿರಿ, ಪೂಜೆಯ ಕರ್ಪೂರ, ಅಜವಾನ (ಓಂಕಾಳು) ಕೂಡ ಬೇರೆ. ಮೈಕಿನ ಹುಡುಗ ಇವನ್ನೆಲ್ಲ ಒಂದೇ ಉಸಿರಿಗೆ 'ತುಳಸಿ ಜಾತಿ' ಅಂತ ಹೇಳುತ್ತಿದ್ದ.

ಬಾಟಲಿಯಲ್ಲಿ ಏನಿತ್ತು ಅಂತ ಕೇಳಿದರೆ 'ಗುರುಗಳ ಗುಟ್ಟು' ಅಂದ. ವಾಸನೆ ನೋಡಿದರೆ ನಮಗೆ ಗುಟ್ಟೇನೂ ಕಾಣಲಿಲ್ಲ, ಅಮೃತಧಾರೆಯ ವಾಸನೆ ಅದು. ಮೆಂಥಾಲ್ ಹರಳು, ಕರ್ಪೂರ, ಅಜವಾನದ ಹರಳು ಮೂರನ್ನೂ ಒಂದು ಸೀಸೆಗೆ ಹಾಕಿ ಮುಚ್ಚಿಟ್ಟರೆ ನೀರು ಹಾಕದೆಯೇ ಕರಗಿ ಎಣ್ಣೆಯಂತಾಗುತ್ತವೆ. ಸಣ್ಣವರಿದ್ದಾಗ ನಾವು ಇದನ್ನು ಮಂತ್ರ ಅಂದುಕೊಂಡಿದ್ದೆವು. ಗ್ರಂಥಿಗೆ ಅಂಗಡಿಯಲ್ಲಿ ಮೂರೂ ಸಿಗುತ್ತವೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಲಾಹೋರಿನ ವೈದ್ಯ ಠಾಕೂರ್ ದತ್ತ ಶರ್ಮ ಇದನ್ನು 'ಅಮೃತಧಾರಾ' ಎಂಬ ಹೆಸರಲ್ಲಿ ಮಾರಿ ದೇಶಕ್ಕೆಲ್ಲ ಮುಟ್ಟಿಸಿದರು. ಆ ಹೆಸರಿಗೆ ಎಷ್ಟು ಬೆಲೆ ಬಂತೆಂದರೆ, ಇನ್ನೊಬ್ಬರು 'ಲಕ್ಷ್ಮಣಧಾರಾ' ಎಂದು ಹೆಸರಿಟ್ಟುಕೊಂಡದ್ದರ ಜಗಳ 1962ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರಡೂ ಹೆಸರು ಕೇಳಲು ಒಂದೇ ತರಹ ಇವೆ, ಹಳ್ಳಿಯ ಗಿರಾಕಿ ಮೋಸ ಹೋಗುತ್ತಾನೆ ಎಂಬುದು ಅಲ್ಲಿ ವಾದದ ತಿರುಳು. ಅರವತ್ತು ವರ್ಷ ದಾಟಿದರೂ ಹಳ್ಳಿಯ ಗಿರಾಕಿ ಅಲ್ಲಿಯೇ ನಿಂತಿದ್ದಾನೆ.

ಹಾಗಾದರೆ ಈ ಎಣ್ಣೆಗಳಿಂದ ಉಪಯೋಗವೇ ಇಲ್ಲವಾ? ಇದೆ. ಅದನ್ನು ಮುಚ್ಚಿಟ್ಟರೆ ನಾವೂ ಮೈಕಿನವರಂತೆ ಆದೇವು. ತಲೆ ಬಿಗಿದು ನೋಯುವಾಗ ತೆಳು ಮಾಡಿದ ಪುದೀನ ಎಣ್ಣೆಯನ್ನು ಹಣೆಗೆ, ಕಣತಲೆಗೆ ಹಚ್ಚಿದರೆ ನೋವು ಇಳಿಯುತ್ತದೆ ಎಂಬುದನ್ನು ಜರ್ಮನಿಯಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲಿ ಬಳಸಿದ್ದು ಶೇ. 10ರ ದ್ರಾವಣ, ಬರಿ ಎಣ್ಣೆಯಲ್ಲ. ಹೊಟ್ಟೆ ಹಿಂಡುವ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಆಗುವ ದೀರ್ಘ ಕಾಲದ ಕರುಳಿನ ತೊಂದರೆಗೆ ಪುದೀನ ಎಣ್ಣೆಯ ಕ್ಯಾಪ್ಸೂಲನ್ನು ಡಾಕ್ಟರುಗಳೇ ಬರೆಯುತ್ತಾರೆ. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗುವ ಪದರ ಅದಕ್ಕೆ ಇರುತ್ತದೆ. ಆ ಪದರ ಇಲ್ಲದೆ ಎಣ್ಣೆಯನ್ನೇ ಕುಡಿದರೆ ಅನ್ನನಾಳದ ಕೆಳಗಿನ ಬಿಗಿ ಸಡಿಲವಾಗಿ ಎದೆಯುರಿ ಇನ್ನೂ ಏರುತ್ತದೆ. ಆಸಿಡಿಟಿಗೆ ಅಂತ ಪುದೀನ ಹನಿ ಕುಡಿಯುವವರು ಇದನ್ನು ಎರಡು ಸಲ ಓದಿ. ಪಿತ್ತಕೋಶದಲ್ಲಿ ಕಲ್ಲು ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಹತ್ತಿ ಬಿಡಿಸಿ, ನಾಟಿ ಹಚ್ಚಿ ಬಂದ ಸೊಂಟಕ್ಕೆ ಮೆಂಥಾಲ್ ಮುಲಾಮು ಹಚ್ಚಿಕೊಂಡು ಮಲಗುವ ಅಕ್ಕಂದಿರಿಗೆ ಬೇಡ ಅನ್ನಲು ನಮಗೆ ಬಾಯಿಲ್ಲ. ಹಚ್ಚಿಕೊಳ್ಳಿ. ಆದರೆ ಮುಲಾಮಿನ ಮೇಲೆ ಬಿಸಿನೀರ ಚೀಲ ಇಡುವುದು, ಬಟ್ಟೆ ಬಿಗಿದು ಕಟ್ಟುವುದು ಬೇಡ. ಇಂಥ ಮುಲಾಮುಗಳಿಂದ ಚರ್ಮ ಸುಟ್ಟ ಪ್ರಕರಣಗಳು ಬಂದ ಮೇಲೆ ಅಮೆರಿಕದ ಔಷಧ ಇಲಾಖೆ 2012ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಗಾಯದ ಮೇಲೆ, ಕಣ್ಣಿನ ಹತ್ತಿರ ಬೇಡ. ಬರಿ ಎಣ್ಣೆಯಾದರೆ ಆರು ಚಹಾ ಚಮಚೆ (30 ಎಂ.ಎಲ್.) ಕೊಬ್ಬರಿ ಎಣ್ಣೆಗೆ ಹತ್ತು ಹನ್ನೆರಡು ಹನಿ, ಅದಕ್ಕಿಂತ ಹೆಚ್ಚು ಬೇಡ. ಶೇಂಗಾ ಎಣ್ಣೆಯಾದರೂ ಆದೀತು. ಮೊದಲು ಮೊಣಕೈ ಒಳಗೆ ಒಂದಿಷ್ಟು ಹಚ್ಚಿ ಒಂದು ದಿನ ನೋಡಿ. ದೊಡ್ಡಪತ್ರೆ ಎಣ್ಣೆ ಇನ್ನೂ ಉರಿ, ಅದರಲ್ಲಿ ಅಜವಾನದ ಖಾರವೇ ಇದೆ. ನಮ್ಮ ಕಡೆ ಬೇಸಿಗೆಯಲ್ಲಿ ಕಿಟಕಿ ಮೇಲಿಟ್ಟ ಬಾಟಲಿ ಕಾದು ಕೆಡುತ್ತದೆ. ಹಳೆಯ ಎಣ್ಣೆ ಹೊಸದಕ್ಕಿಂತ ಹೆಚ್ಚು ಕಡಿತ ಎಬ್ಬಿಸುತ್ತದೆ.

ಕೂಸುಗಳ ವಿಷಯದಲ್ಲಿ ನಮಗೆ ತಮಾಷೆ ಮಾಡಲು ಆಗುವುದಿಲ್ಲ. ನಮ್ಮ ಬಳಗದ ಒಬ್ಬರ ಮನೆಯಲ್ಲಿ, ಮಸ್ಕಿ ಕಡೆಯ ಹಳ್ಳಿ ಅದು, ನಾಲ್ಕು ತಿಂಗಳ ಕೂಸಿಗೆ ಮೂಗು ಕಟ್ಟಿತ್ತು. ಎರೆದು ಮಲಗಿಸುವಾಗ ಅಜ್ಜಿ ಪ್ರೀತಿಯಿಂದಲೇ ಸಂತೆಯ ಎಣ್ಣೆಯನ್ನು ಕಿರುಬೆರಳಿಗೆ ತಗೊಂಡು ಮೂಗಿನ ಕೆಳಗೆ ಸವರಿದಳು. ಕೂಸು ಒಮ್ಮೆ ಬಾಯಿ ತೆರೆಯಿತು, ಅಳು ಬರಲಿಲ್ಲ, ಉಸಿರೂ ಬರಲಿಲ್ಲ. ತುಟಿ ನೀಲಿ ಆಯಿತು. ಒದ್ದೆ ಬಟ್ಟೆಯಿಂದ ಒರೆಸಿ, ಬೆನ್ನು ಉಜ್ಜಿ, ಅಂಗಳಕ್ಕೆ ಎತ್ತಿಕೊಂಡು ಓಡಿದರು. ಉಸಿರು ಬಂತು. ಎಷ್ಟು ಹೊತ್ತು ಅಂತ ಯಾರಿಗೂ ನೆನಪಿಲ್ಲ, ಅಜ್ಜಿಗೆ ಮಾತ್ರ ಅದು ಒಂದು ವರ್ಷದಷ್ಟು ಉದ್ದ ಇತ್ತಂತೆ.

ಅದು ದೃಷ್ಟಿಯಲ್ಲ, ಗಾಳಿಯಲ್ಲ. ಎಳೆಗೂಸು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದಲೇ. ಮೂಗಿನ ಹತ್ತಿರ ಮೆಂಥಾಲ್‌ನ ಜೋರು ತಂಪು ತಾಗಿದರೆ ಗಂಟಲು ತಾನೇ ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ. ದೊಡ್ಡವರಿಗೆ ಹಗುರ ಅನಿಸುವ ಅದೇ ತಂಪು ಕೂಸಿಗೆ ಕುತ್ತಿಗೆ ಹಿಚುಕಿದಂತೆ. ಪೇಟೆಯ ಎದೆ ಮುಲಾಮಿನ ಡಬ್ಬಿ ಮೇಲೆ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದು ಸುಮ್ಮನಲ್ಲ. ಸಂತೆಯ ಬಾಟಲಿ ಮೇಲೆ ಆ ಸಣ್ಣ ಅಕ್ಷರವೂ ಇರುವುದಿಲ್ಲ. ಅದರೊಳಗೆ ಕರ್ಪೂರ ಇದ್ದರೆ ಇನ್ನೂ ಕಷ್ಟ: ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಸ್ವಲ್ಪವೇ ಸಾಕು. ಮಗು ಬಾಟಲಿ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲು ಹೋಗಬೇಡಿ, ವಾಂತಿಯ ಜತೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ, ಆ ಬಾಟಲಿಯನ್ನೂ ಜತೆಗೆ ಒಯ್ಯಿರಿ. ಕೂಸಿನ ಮೂಗು ಕಟ್ಟಿದರೆ ಆಸ್ಪತ್ರೆಯಲ್ಲಿ ಕೊಡುವ ಉಪ್ಪುನೀರಿನ ಹನಿ ಸಾಕು.

ಫಿಟ್ಸ್ ಇರುವ ದೊಡ್ಡವರೂ ರೋಸ್‌ಮೆರಿ, ಕರ್ಪೂರ ತುಳಸಿ ಎಣ್ಣೆಯಿಂದ ದೂರ ಇರಬೇಕು. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರು ತುಳಸಿ ಹನಿ ಕುಡಿಯುವ ಮುಂಚೆ ಗುಳಿಗೆ ಬರೆದವರನ್ನು ಕೇಳಬೇಕು. ಬಸುರಿಯರು ಇಂಥ ಯಾವುದನ್ನೂ ಕುಡಿಯಬಾರದು. ಪುದೀನದ ತಂಗಿ ಪೆನ್ನಿರಾಯಲ್ ಎಂಬ ಗಿಡದ ಎಣ್ಣೆಯನ್ನು ಬಸಿರು ಇಳಿಸಲು ಕುಡಿದ ಹದಿನೆಂಟರ ಹುಡುಗಿ 1978ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಲಿವರ್ ಕೆಟ್ಟು ಸತ್ತಳು. ಕುಡಿದದ್ದು ಸುಮಾರು 30 ಎಂ.ಎಲ್. ಅದೂ ಗಿಡದ್ದೇ.

ಈಗ ನಮ್ಮ ಮೇಲೆ ನಾವೇ ಹೇಳಿಕೊಳ್ಳಬೇಕಾದದ್ದು. 'ಪುದೀನ ಎಣ್ಣೆಯ ಹತ್ತು ಅದ್ಭುತ ಪ್ರಯೋಜನಗಳು' ಎಂಬ ತುಣುಕು ನೀವು ಪೇಪರಿನ ಮೂಲೆಯಲ್ಲಿ ಓದಿದ್ದೀರಲ್ಲ? ಅಂಥವನ್ನು ನಾವೂ ಬರೆದಿದ್ದೇವೆ. ಪುಟದಲ್ಲಿ ಜಾಗ ಉಳಿದಿದೆ, ಅರ್ಧ ತಾಸಿನಲ್ಲಿ ಏನಾದರೂ ಕಳಿಸಿ ಅಂತ ಡೆಸ್ಕಿನಿಂದ ಫೋನ್ ಬಂದಾಗ ಇಂಟರ್‌ನೆಟ್‌ನಿಂದ ಎತ್ತಿ ಕಳಿಸಿದ್ದೇವೆ. ಹತ್ತು ಪ್ರಯೋಜನ ಬರೆದೆವು, ಒಂದು ಎಚ್ಚರಿಕೆಯನ್ನೂ ಬರೆಯಲಿಲ್ಲ. ಹಬ್ಬದ ಪುರವಣಿಗೆ ಜಾಹೀರಾತು ತರುವ ಹೊಣೆಯೂ ನಮ್ಮ ಹೆಗಲ ಮೇಲೇ ಇರುತ್ತದೆ, ಅದರಲ್ಲಿ ಬರುವ ಕಮಿಷನ್ನೇ ಹಲವರ ಪಗಾರ. ಜಾಹೀರಾತು ಕೊಟ್ಟವನ ಎಣ್ಣೆ ಬಗ್ಗೆ ಪ್ರಶ್ನೆ ಕೇಳಿದ ಸ್ಟ್ರಿಂಗರ್‌ನನ್ನು ನೀವು ನೋಡಿದ್ದೀರಾ? ಆ ಮೈಕಿನ ಹುಡುಗ ಟೇಬಲ್ ಮೇಲೆ ಲ್ಯಾಮಿನೇಶನ್ ಮಾಡಿದ ಒಂದು ಪೇಪರ್ ತುಣುಕು ಇಟ್ಟಿದ್ದ. 'ಪೇಪರಿನ್ಯಾಗ ಬಂದೈತಿ ನೋಡ್ರಿ' ಅಂತ ಎಲ್ಲರಿಗೂ ತೋರಿಸುತ್ತಿದ್ದ. ನಾವು ಅಂದು ಸಂತೆಯಲ್ಲಿ ಸುಮ್ಮನೆ ನಿಂತದ್ದಕ್ಕೆ ಕಾರಣ ಅದೇ.

ಕಾನೂನು ಇಲ್ಲದೇ ಇಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ಅಂತ ಒಂದಿದೆ. ಅದರ ಪಟ್ಟಿಯಲ್ಲಿರುವ 54 ರೋಗಗಳನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. ಟಿ.ಬಿ., ನ್ಯುಮೋನಿಯಾ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಬಿ.ಪಿ., ಕ್ಯಾನ್ಸರ್ ಎಲ್ಲವೂ ಆ ಪಟ್ಟಿಯಲ್ಲಿವೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಮತ್ತೆ ಸಿಕ್ಕರೆ ಒಂದು ವರ್ಷದವರೆಗೆ. ಮೈಕಿನಲ್ಲಿ ಕೂಗುವುದೂ ಜಾಹೀರಾತೇ, ಪೇಪರಿನಲ್ಲಿ ಹಾಕುವುದೂ ಜಾಹೀರಾತೇ. ಮಾರುವ ಔಷಧದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇರಲೇಬೇಕು. ಸಂತೆಯ ಬಾಟಲಿ ಮೇಲೆ ಇದ್ದದ್ದು ಒಂದು ಹಸಿರು ಎಲೆಯ ಚಿತ್ರ ಮತ್ತು ಒಂದು ಮೊಬೈಲ್ ನಂಬರು. ನಾವು ಫೋನ್ ಹಚ್ಚಿದೆವು, ಸ್ವಿಚ್ ಆಫ್.

ಬಾಟಲಿಯ ಎಲ್ಲ ಬದಿಯ ಫೋಟೋ, ಗಾಡಿಯ ನಂಬರು, ಮೈಕಿನ ಮಾತಿನ ಒಂದು ನಿಮಿಷದ ವಿಡಿಯೋ ಸೇರಿಸಿ ರಾಯಚೂರಿನ ಔಷಧ ನಿಯಂತ್ರಣ ಕಚೇರಿಗೆ ಬರಹದಲ್ಲಿ ದೂರು ಕೊಡುತ್ತಿದ್ದೇವೆ. ನಿಮ್ಮ ಊರ ಸಂತೆಗೂ ಇಂಥ ಗಾಡಿ ಬಂದಿದ್ದರೆ ಫೋನಿನಲ್ಲಿ ವಿಡಿಯೋ ಮಾಡಿ, ತಾರೀಕು ಬರೆದಿಟ್ಟುಕೊಳ್ಳಿ. ಹುಡುಗನ ಜತೆ ಬಡಿದಾಟಕ್ಕೆ ಹೋಗಬೇಡಿ. ಅವನೂ ದಿನಗೂಲಿಯವನೇ, ಬಾಟಲಿ ತುಂಬಿಸುವವನು ಬೇರೆ ಎಲ್ಲೋ ಕೂತಿದ್ದಾನೆ.

ಕಾಕಾನ ಮನೆ ಹುಡುಕಿಕೊಂಡು ಹೋಗಿದ್ದೆವು. ಬಾಟಲಿ ದೇವರ ಜಗಲಿ ಮೇಲೆ ಇತ್ತು, ಅರ್ಧ ಖಾಲಿ. ಎಷ್ಟು ದಿನದಿಂದ ಕೆಮ್ಮು ಅಂತ ಕೇಳಿದರೆ "ಉಗಾದಿ ಮುಂಚಿಂದ ಐತಿ ತಮ್ಮಾ" ಅಂದರು. ಕಫ ಪರೀಕ್ಷೆ ಮಾಡಿಸಿಲ್ಲ. ಎಕ್ಸ್‌ರೇ ತೆಗೆಸಿದ್ದು ಯಾವಾಗ ಅಂತ ಅವರಿಗೂ ನೆನಪಿಲ್ಲ, ಮನೆಯವರಿಗೂ ನೆನಪಿಲ್ಲ. ಗುತ್ತಿಗೆದಾರ ಕೊಟ್ಟ ಹಾಜರಿ ಚೀಟಿಗಳು ಮಾತ್ರ ಒಂದು ತಗಡಿನ ಪೆಟ್ಟಿಗೆಯಲ್ಲಿ ಇದ್ದವು. ಅವನ್ನು ಒಂದೊಂದಾಗಿ ಫೋಟೋ ತೆಗೆದುಕೊಂಡೆವು. ಸೋಮವಾರ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅವರ ಮಗ ಒಪ್ಪಿದ್ದಾನೆ. "ಬಾಟ್ಲಿ ಒಗೀಲೇನು?" ಅಂತ ಕಾಕಾ ಕೇಳಿದರು. ಬೇಡ, ದೂರಿನ ಜತೆ ಅದೂ ಬೇಕು ಅಂತ ಹೇಳಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದೆವು.